ಕಪ್ಪು, ಅಗಲ, ಹನ್ನೊಂದು

ಟಾರ್ಮೊಡ್‌ನ ಹತ್ತಿರ ರಬ್ಬರ್ ಬೂಟು ಎರಡು ಜೊತೆ ಇದ್ದವು. ಒಂದು ವಾರದ ದಿನಗಳಿಗೆ, ಇನ್ನೊಂದು ಭಾನುವಾರಕ್ಕೆ. ಶನಿವಾರ ಸಂಜೆ ಒಲೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತು ಭಾನುವಾರದ ಜೊತೆಗೆ ಮೀನೆಣ್ಣೆ ಹಚ್ಚಿ ತಿಕ್ಕುತ್ತಿದ್ದ. ಮುಖ ಕಾಣುವಷ್ಟು ಹೊಳಪು ಬರಬೇಕು, ಅಲ್ಲಿಯವರೆಗೆ ಏಳುತ್ತಿರಲಿಲ್ಲ. ಮಾರನೆಯ ದಿನ ಚರ್ಚಿನಲ್ಲಿ ಅವನ ಹಿಂದಿನ ಬೆಂಚು, ಮುಂದಿನ ಬೆಂಚು ಎರಡೂ ಖಾಲಿ. ಪಾದ್ರಿಗಳು ಒಮ್ಮೆ ಮೆಲ್ಲಗೆ, "ಟಾರ್ಮೊಡ್, ಸ್ವಲ್ಪ ವಾಸನೆ ಬರ್ತದಪ್ಪ" ಎಂದರು. "ಸಂತ ಪೇತ್ರ ಏನು ಅತ್ತರು ಬಳ್ಕೊಂಡು ಓಡಾಡ್ತಿದ್ನಾ ಅಯ್ಯನೋರೇ? ಅವನೂ ಮೀನು ಹಿಡಿಯೋನೇ ತಾನೇ?" ಎಂದು ಕೇಳಿದ. ಪಾದ್ರಿಗಳು ಮತ್ತೆ ಆ ಮಾತೆತ್ತಲಿಲ್ಲ.

ಅವನು ಹಾಗಿದ್ದುದಕ್ಕೆ ಕಾರಣವಿತ್ತು. ನಮ್ಮೂರು ಸ್ಕಾರವೇ ಎಂದರೆ ಹೆಸರಿಗೆ ಒಂದು ದ್ವೀಪ, ಇರುವುದು ಎರಡು ತುಂಡು. ಮನೆಗಳು, ದೋಣಿಕಟ್ಟೆ ಈ ಕಡೆ. ಚರ್ಚು, ಶಾಲೆ, ಕುರಿ ಮೇಯುವ ಹುಲ್ಲು ಆ ಕಡೆ. ನಡುವೆ ಮರಳು. ಕಡಲು ಇಳಿದಾಗ ಅದು ಹಾದಿ, ಏರಿದಾಗ ಅದೇ ಕಡಲು. ಕುರಿ ಹಿಂದೆ ದಿನಾ ಅತ್ತಿಂದಿತ್ತ ತಿರುಗುವವನಿಗೆ ರಬ್ಬರ್ ಬಿಟ್ಟರೆ ಗತಿಯಿಲ್ಲ. ಮೇಲಾಗಿ ಅವನ ಪಾದ ಸಾಧಾರಣ ಪಾದವಲ್ಲ, ಜವುಗಿನ ಹೆಂಟೆ ಕಡಿಯುವ ಸಲಿಕೆ. ವಯಸ್ಸಿನಲ್ಲಿ ಒಮ್ಮೆ ಯಾರದೋ ಚರ್ಮದ ಬೂಟು ಇಸಕೊಂಡು ಕುಣಿತಕ್ಕೆ ಹೋಗಿದ್ದ. ಬೊಬ್ಬೆಯೆದ್ದು, ಮೂಲೆಯಲ್ಲಿ ಕೂತು ಬೂಟು ಕಿತ್ತುಕೊಳ್ಳಲು ಒದ್ದಾಡುತ್ತಿದ್ದಾಗ, ಅವನು ಕೈಹಿಡಿಯಬೇಕೆಂದು ಹೋಗಿದ್ದ ಹುಡುಗಿ ಇನ್ನೊಬ್ಬನ ಕೈಹಿಡಿದು ಕುಣಿದಳು, ಆಮೇಲೆ ಅವನನ್ನೇ ಮದುವೆಯಾದಳು. ಅವತ್ತಿನಿಂದ ಟಾರ್ಮೊಡ್ ಚರ್ಮದ ಬೂಟಿಗೂ ಮದುವೆಗೂ ಒಟ್ಟಿಗೇ ಕೈಮುಗಿದುಬಿಟ್ಟ.

ಆದರೆ ಅವನಿಗೆ ಮಕ್ಕಳಿಲ್ಲವೆಂದು ಹೇಳುವ ಹಾಗಿರಲಿಲ್ಲ. ಅಕ್ಕ ಡೊಲೀನಾಳ ಮಗಳು ಈಫಿ ಇದ್ದಳು. ಅವಳಿಗೆ ಮಾತು ಬರುವ ಮೊದಲೇ ಅವಳಪ್ಪ ದೋಣಿಯ ಸಮೇತ ಕಡಲಿಗೆ ಹೋದವನು ಬರಲಿಲ್ಲ. ಶಾಲೆಗೆ ಸೇರಿದ ಮೇಲೆ ಮಾವನೇ ಅವಳನ್ನು ಬೆನ್ನ ಮೇಲೆ ಹೊತ್ತು ಮರಳು ದಾಟಿಸುತ್ತಿದ್ದ. ಅವಳು ಅವನ ಎರಡೂ ಕಿವಿ ಹಿಡಿದುಕೊಂಡು ದೋಣಿ ನಡೆಸುವವಳ ಹಾಗೆ, "ಎಡಕ್ಕೆ ಮಾವ, ಅಲೆ ಬಂತು! ಬಲಕ್ಕೆ, ಬಲಕ್ಕೆ!" ಎಂದು ತಿರುಚುತ್ತಿದ್ದಳು. ಮನೆ ಸೇರುವಷ್ಟರಲ್ಲಿ ಅವನ ಕಿವಿಗಳು ಬೇಯಿಸಿದ ಏಡಿಯ ಹಾಗೆ ಕೆಂಪಗಾಗಿರುತ್ತಿದ್ದವು.

ಆ ಈಫಿ ದೊಡ್ಡವಳಾಗಿ, ಎಡಿನ್‌ಬರೋದಲ್ಲಿ ನರ್ಸ್ ಆಗಿ, ಅಲ್ಲಿಯ ಮೇಷ್ಟ್ರು ಆಲಿಸ್ಟರ್‌ನನ್ನು ಒಪ್ಪಿಕೊಂಡಳು. ಮದುವೆ ಮಾತ್ರ ನಮ್ಮ ಚರ್ಚಿನಲ್ಲೇ ಆಗಬೇಕು, ಕೈಹಿಡಿದು ಕರೆದೊಯ್ದು ಒಪ್ಪಿಸುವವನು ಮಾವನೇ ಆಗಬೇಕು, ಅವನು ಅವಳಪ್ಪನ ಕಿಲ್ಟನ್ನೇ, ಗಂಡಸರುಡುವ ನೆರಿಗೆಯ ಆ ಲಂಗವನ್ನೇ, ಉಡಬೇಕು ಎಂದು ಹಟ ಹಿಡಿದಳು. ಡೊಲೀನಾ ಪೆಟ್ಟಿಗೆ ತೆಗೆದು, ಗಂಡನ ಕಿಲ್ಟು ಹೊರಗೆಳೆದು, ನುಸಿಗುಳಿಗೆ ಕೊಡವಿ ನೆರಿಗೆ ತಿದ್ದಿ ತಮ್ಮನಿಗೆ ಉಡಿಸಿದಳು. ಸೊಂಟಕ್ಕೆ ಸರಿಹೋಯಿತು. ಟಾರ್ಮೊಡ್ ಕನ್ನಡಿಯ ಮುಂದೆ ಒಂದು ಸುತ್ತು ತಿರುಗಿದ. ಕೆಳಗೆ ಭಾನುವಾರದ ಬೂಟು.

ಆಗಲೇ ಬೀಗಿತ್ತಿ ಒಳಗೆ ಬಂದದ್ದು.

ಬೀಗಿತ್ತಿ ಮಿಸೆಸ್ ಪ್ರಿಂಗಲ್, ಮದುವೆಯ ಏರ್ಪಾಟು ನೋಡಲೆಂದು ಮುಂಚಿತವಾಗಿ ಬಂದು ಡೊಲೀನಾಳ ಮನೆಯಲ್ಲೇ ಇಳಿದುಕೊಂಡಿದ್ದರು. ಒಳ್ಳೆಯವರೇ. ಆದರೆ ಯಾವುದಕ್ಕೂ ಒಂದು ಕ್ರಮ ಇರಬೇಕೆನ್ನುವವರು. ಟೀ ಕಪ್ಪಿನ ಕಿವಿ ಯಾವ ದಿಕ್ಕಿಗಿರಬೇಕು ಎಂಬುದೂ ಅವರಿಗೆ ಗೊತ್ತಿತ್ತು. ಅವರ ಕಣ್ಣು ಕಿಲ್ಟಿನಿಂದ ಕೆಳಗಿಳಿಯಿತು, ಬೂಟಿನ ಮೇಲೆ ನಿಂತಿತು.

"ಇದನ್ನ ಹಾಕ್ಕೊಂಡು ಬರ್ತೀರಾ?"

"ಹೂಂ ಅಮ್ಮಾವ್ರೇ. ಭಾನುವಾರದ್ದು."

"ಕಿಲ್ಟಿಗೆ ಗಿಲಿ ಬೂಟು ಹಾಕ್ಬೇಕು ಕಣ್ರೀ! ನಾಲಿಗೆ ಇರಲ್ಲ ನೋಡಿ, ಉದ್ದ ದಾರ ಇರುತ್ತೆ, ಕಣಕಾಲಿಗೆ ಸುತ್ತಿ ಕಟ್ಟೋದು."

"ನಾಲಿಗೆ ಇಲ್ಲದ್ದಾ? ಒಳ್ಳೇದೇ. ಈ ಮನೇಲಿ ಈಗ ಇರೋದೇ ಸಾಕು" ಎಂದ ಟಾರ್ಮೊಡ್. ಡೊಲೀನಾ ಹಿಂದಿನಿಂದ ಅವನ ಬೆನ್ನಿಗೆ ಗುದ್ದಿದಳು.

"ಮೇಲೆಲ್ಲಾ ಸಣ್ಣ ಸಣ್ಣ ತೂತಿನ ಕೆಲಸ ಇರುತ್ತೆ" ಎಂದು ಬೀಗಿತ್ತಿ ಬಿಡದೆ ವಿವರಿಸಿದರು. "ಹಿಂದಿನ ಕಾಲದಲ್ಲಿ ಒಳಗೆ ಹೋದ ನೀರು ಹೊರಗೆ ಬರ್ಲಿ ಅಂತ."

"ನೀರು ಒಳಗೇ ಬರಬಾರದು ಅಂತ ನಾನು ರಬ್ಬರ್ ಹಾಕ್ತೀನಿ. ನೀವು ಅದನ್ನ ಒಳಗೆ ಬಿಟ್ಕೊಂಡು, ಆಮೇಲೆ ಹೊರಗೆ ಕಳಿಸೋಕೆ ತೂತು ಕೊರೀತೀರಾ?"

"ಲೋ, ಸುಮ್ನಿರೋ!" ಎಂದಳು ಡೊಲೀನಾ.

ಬೀಗಿತ್ತಿ ಕುರ್ಚಿಯಲ್ಲಿ ನೆಟ್ಟಗೆ ಕೂತು ಮಾತು ಮುಗಿಸಿದರು. ಗಿಲಿ ಇದ್ದರೆ ಸರಿ. ಇಲ್ಲದಿದ್ದರೆ ಅವರ ತಮ್ಮ ವಿಲ್‌ಫ್ರೆಡ್ ಬರುತ್ತಿದ್ದಾನೆ, ಹಲ್ಲಿನ ಡಾಕ್ಟರು, ಅವನ ಹತ್ತಿರ ಅಡಿಯಿಂದ ಮುಡಿಯವರೆಗೆ ಎಲ್ಲವೂ ಕ್ರಮವಾಗಿದೆ. ಹುಡುಗಿಯನ್ನು ಅವನೇ ಕರೆದೊಯ್ದು ಒಪ್ಪಿಸಲಿ.

ಟಾರ್ಮೊಡ್ ಹೊರಗೆ ಬಂದ. ಈಫಿ ಹಿಂದೆಯೇ ಬಂದಳು.

"ಹಲ್ಲು ಕೀಳೋನು ನಿನ್ನ ಕೈ ಹಿಡ್ಕೊಂಡು ಹೋಗ್ತಾನಂತೆ. ಹೋಗು ತಾಯಿ. ದಾರೀಲಿ ಬಾಯಿ ಮಾತ್ರ ತೆರೀಬೇಡ."

"ಮಾವ, ತಮಾಷೆ ಸಾಕು. ನೀನು ಬರಿಗಾಲಲ್ಲಿ ಬಂದ್ರೂ ನನಗೆ ಸರಿ. ಆ ಡಾಕ್ಟರ ಜೊತೆ ಮಾತ್ರ ನಾನು ಹೋಗಲ್ಲ. ಆದ್ರೆ ನಾಳೆ ಆ ಅತ್ತೆ ಮನೇಲಿ ಬಾಳೋಳು ನಾನು. ಮೊದಲನೇ ದಿನಾನೇ ಚರ್ಚ್ ಬಾಗಿಲಲ್ಲಿ ಜಗಳ ಆದ್ರೆ ಆಲಿಸ್ಟರ್ ಅಮ್ಮನ ಕಡೆ ನಿಲ್ಲೋದಾ, ನನ್ನ ಕಡೆ ನಿಲ್ಲೋದಾ? ಎಲ್ಲಿಂದಾದ್ರೂ ಒಂದು ಜೊತೆ ಗಿಲಿ ತರಿಸ್ಕೋ. ನೀನಿಲ್ಲದೆ ನಾನು ಆ ಬಾಗಿಲು ದಾಟಲ್ಲ."

ಅವಳ ಕಣ್ಣು ತುಂಬಿತ್ತು. "ಆಗಲಿ ತಾಯಿ, ತರಿಸ್ಕೋತೀನಿ" ಎಂದ ಟಾರ್ಮೊಡ್.

ಅವತ್ತಿನಿಂದ ಪರದಾಟ ಶುರುವಾಯಿತು. ಡೊಲೀನಾ ಗಂಡನ ಹಳೆಯ ಗಿಲಿ ತಂದಳು. ಟಾರ್ಮೊಡ್‌ನ ಕಾಲಿಗೆ ಕುರಿಕೊಬ್ಬು ಸವರಿ ಬಲಗಾಲಿನದನ್ನು ತುರುಕಿದರು. ಕಾಲು ಅರ್ಧ ಹೋಗಿ ಸಿಕ್ಕಿಕೊಂಡಿತು, ಮುಂದೆ ಹೋಗದು, ಹಿಂದೆ ಬರದು. ಅಕ್ಕ ಹಿಮ್ಮಡಿ ಹಿಡಿದಳು, ಈಫಿ ಅಮ್ಮನ ಸೊಂಟ ಹಿಡಿದಳು, ಇಬ್ಬರೂ ಗೋಡೆಗೆ ಕಾಲು ಕೊಟ್ಟು ಎಳೆದರು. ಟಪ್ಪೆಂದು ಕಿತ್ತು ಬಂದ ಬೂಟು ಹಾರಿ ಒಲೆಯ ಮೇಲೆ ಕುದಿಯುತ್ತಿದ್ದ ಕುರಿಮಾಂಸದ ಸಾರಿಗೆ ಬಿತ್ತು. ಡೊಲೀನಾ ಉಸಿರೆತ್ತದೆ ಸೌಟಿನಲ್ಲಿ ತೆಗೆದು ಹಿತ್ತಿಲಿಗೆ ಎಸೆದಳು. ಅವತ್ತು ಊಟದಲ್ಲಿ ಬೀಗಿತ್ತಿ ಎರಡನೆಯ ಸಲ ಬಟ್ಟಲು ಮುಂದೆ ಹಿಡಿದು, "ಇವತ್ತಿನ ಸಾರಿಗೆ ಏನೋ ಒಂದು ಗಟ್ಟಿತನ ಬಂದಿದೆ" ಎಂದು ಹೊಗಳಿದರು. ಟಾರ್ಮೊಡ್ ಆಲೂಗಡ್ಡೆ ಗಂಟಲಿಗೆ ಸಿಕ್ಕಿಸಿಕೊಂಡು ಹೊರಗೆ ಓಡಿದ.

ಟಾರ್ಮೊಡ್‌ಗೆ ಗಿಲಿ ಬೇಕಂತೆ ಎಂಬ ಸುದ್ದಿ ಊರೆಲ್ಲಾ ಹಬ್ಬಿತು. ನಮ್ಮಲ್ಲಿ ಗಿಲಿ ಎಂದರೆ ಒಂದಲ್ಲ. ಬೇಟೆಗೆ, ಮೀನಿಗೆ ಬರುವ ದೊಡ್ಡ ಮನುಷ್ಯರನ್ನು ಬೆಟ್ಟ ಹತ್ತಿಸುವ, ಹೊಳೆ ದಾಟಿಸುವ ಆಳಿನ ಹೆಸರು ಗಿಲಿ. ಅವನು ಹಿಂದೆ ಹಾಕುತ್ತಿದ್ದ ತೂತಿನ ಬೂಟಿನ ಹೆಸರೂ ಗಿಲಿ. ಕುಣಿಯುವ ಹುಡುಗಿಯರು ಹಾಕುವ ಮೆತ್ತನೆಯ ಚಪ್ಪಲಿಯೂ ಗಿಲಿಯೇ. ಹಾಗಾಗಿ ಕುಣಿತ ಕಲಿಸುವ ಇಸೊಬೆಲ್ ಟೀಚರು ತನ್ನ ಚೀಲ ತಗೊಂಡು ಓಡಿಬಂದಳು.

"ಇರೋದರಲ್ಲಿ ದೊಡ್ಡದು ತಂದಿದೀನಿ. ಕಾಲು ಚಾಚು ಟಾರ್ಮೊಡ್. ಬೆರಳು ಮುಂದಕ್ಕೆ ಚೂಪು ಮಾಡು."

"ನನ್ನ ಬೆರಳು ಚೂಪಾಗೋ ಬೆರಳಲ್ಲ ಟೀಚರ್."

"ಹೆಬ್ಬೆರಳಿಗಾದ್ರೂ ಹಾಕ್ಕೋ, ಮಿಕ್ಕಿದ್ದು ಆಮೇಲೆ ನೋಡೋಣ."

ಹೆಬ್ಬೆರಳಿಗೆ ಸರಿಯಾಗಿ ಹಿಡಿಯಿತು. ಅಷ್ಟೇ.

ಕೊನೆಗೆ ಮುಖ್ಯಭೂಮಿಯ ಬೂಟಿನಂಗಡಿಯಿಂದ ಹೊಸದನ್ನು ತರಿಸುವುದೆಂದಾಯಿತು. ದ್ವೀಪಕ್ಕೆ ಇದ್ದದ್ದು ಒಂದೇ ಟೆಲಿಫೋನು, ಅದು ಗಾಳಿಗೆ ತಂತಿ ಕಡಿದುಕೊಂಡು ಸತ್ತಿತ್ತು. ದೋಣಿ ನಡೆಸುವ ಆರ್ಚಿಯ ಬಾಯಲ್ಲೇ ಹೇಳಿ ಕಳಿಸಿದರು. ಆರ್ಚಿಯ ಬಾಯಲ್ಲಿ ಸದಾ ಪೈಪು. ಅವನು ಹೇಳಿದ್ದರಲ್ಲಿ ಅರ್ಧ ಹೊಗೆಯಾಗಿ ಹೋಗುತ್ತಿತ್ತು.

"ಗಿಲಿ. ಮದುವೆಗೆ. ಕಪ್ಪು, ಅಗಲ, ಹನ್ನೊಂದು" ಎಂದು ಟಾರ್ಮೊಡ್ ಬಣ್ಣದಿಂದ ಕಾಲಿನ ಅಳತೆಯವರೆಗೆ ಬೆರಳು ಮಡಚಿ ಹೇಳಿದ. "ಎಲ್ಲಿ, ಹೇಳು ನೋಡೋಣ."

"ಗಿಲಿ, ಮದುವೆಗೆ, ಕಪ್ಪು, ಅಗಲ, ಹನ್ನೊಂದು. ನಾನೇನು ಕತ್ತೆನಾ? ದಾರಿಯುದ್ದಕ್ಕೂ ಕೀರ್ತನೆ ಹಾಗೆ ಹೇಳ್ಕೊಂಡು ಹೋಗ್ತೀನಿ."

ಹೇಳಿಕೊಂಡೇ ಹೋದ. ತಿರುಗಿ ಬಂದು, "ಅಂಗಡಿ ಅರ್ಧದಿನ ಮುಚ್ಚಿತ್ತು. ಪಕ್ಕದ ಹೋಟೆಲಿನ ಹುಡುಗಿಗೆ ಹೇಳಿದೀನಿ, ತಲುಪಿಸ್ತಾಳೆ. ಮದುವೆ ದಿನ ಬೆಳಗ್ಗೆ ನನ್ನ ದೋಣೀಲೇ ಬರುತ್ತೆ" ಎಂದ. ಟಾರ್ಮೊಡ್ ಅವತ್ತು ನೆಮ್ಮದಿಯಾಗಿ ಉಂಡ.

ಮದುವೆಯ ದಿನ ಬಂತು. ಬೆಳಗ್ಗೆ ಕಡಲು ಇಳಿದು ಮರಳು ಬಿಟ್ಟಾಗ ಮದುಮಗ ಆಲಿಸ್ಟರ್ ಮೊದಲೇ ಆಚೆಗೆ ದಾಟಿದ. ಮದುಮಗ ಮುಂದಾಗಿ ಹೋಗಿ ಕಾಯಬೇಕು, ಅದು ನಮ್ಮ ಪದ್ಧತಿ. ಹಿಂದೆಯೇ ಹುಡುಗಿಯ ಕಡೆಯವರು ಹೊರಡಬೇಕಿತ್ತು. ಆದರೆ ಗಿಲಿ ಬಂದಿಲ್ಲವಲ್ಲ! ಎಲ್ಲರೂ ದೋಣಿಕಟ್ಟೆಯ ಮೇಲೆ ಕಾದು ನಿಂತರು. ಡಾಕ್ಟರು ವಿಲ್‌ಫ್ರೆಡ್ ತಮ್ಮ ಹೊಳೆಯುವ ಗಿಲಿ ತೊಟ್ಟು, ದಾರವನ್ನು ಮೊಣಕಾಲಿನವರೆಗೂ ಸುತ್ತಿಕೊಂಡು, ಕಟ್ಟಿಹಾಕಿದ ಕೋಳಿಯ ಹಾಗೆ ಹೆಜ್ಜೆಯೆತ್ತಿಡುತ್ತಿದ್ದರು. ಹನ್ನೊಂದು ಗಂಟೆಗೆ ದೋಣಿ ಬಂತು.

ದೋಣಿಯಿಂದ ಪೆಟ್ಟಿಗೆ ಇಳಿಯಲಿಲ್ಲ. ಒಬ್ಬ ಮನುಷ್ಯ ಇಳಿದ. ಬಾಗಿಲಿನಷ್ಟು ಅಗಲ, ಎದೆಯವರೆಗೆ ಕರೀ ಗಡ್ಡ, ಕೈಯಲ್ಲಿ ಬೆಟ್ಟ ಹತ್ತುವ ಕೋಲು.

"ಇಲ್ಲಿ ಟಾರ್ಮೊಡ್ ಅನ್ನೋರು ಯಾರು?"

"ನಾನೇ. ಪೆಟ್ಟಿಗೆ ಎಲ್ಲಪ್ಪ?"

"ಯಾವ ಪೆಟ್ಟಿಗೆ?"

"ಗಿಲಿ ಇರೋ ಪೆಟ್ಟಿಗೆ."

"ನಾನ್ಯಾಕೆ ಪೆಟ್ಟಿಗೇಲಿ ಬರ್ಲಿ? ಕೂತ್ಕೊಂಡೇ ಬಂದೆ. ನಾನು ಡುಗಾಲ್ಡ್, ಬಂಗಲೆ ಎಸ್ಟೇಟಿನ ಗಿಲಿ."

ಕಟ್ಟೆಯ ಮೇಲಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಡುಗಾಲ್ಡ್‌ಗೆ ಏನೋ ಎಡವಟ್ಟಾಗಿದೆ ಎಂದು ಅನುಮಾನ ಬಂತು.

"ಹೋಟೆಲಿನ ಹುಡುಗಿ ನಮ್ಮ ಮೇಸ್ತ್ರಿಗೆ ಹೇಳಿದ್ಲು. ದ್ವೀಪದಲ್ಲಿ ಮದುವೆ, ಗಿಲಿ ಬೇಕಂತೆ ಅಂತ. ಕಪ್ಪು ಅಂದ್ರು" ಎಂದು ಗಡ್ಡ ಹಿಡಿದು ತೋರಿಸಿದ. ನಮ್ಮ ಕಡೆ ಕೂದಲು ಕಪ್ಪಗಿದ್ದವನನ್ನು ಕಪ್ಪು ಎಂದೇ ಕರೆಯುವುದು. "ಅಗಲ ಅಂದ್ರು." ಎರಡೂ ತೋಳು ಚಾಚಿದ. "ಹನ್ನೊಂದು ಅಂದ್ರು. ಈಗ ಗಂಟೆ ಎಷ್ಟು, ನೀವೇ ನೋಡಿ. ಕೆಲಸ ಏನು? ಜಿಂಕೆನಾ, ಮೀನಾ?"

"ಮದುವೆ" ಎಂದ ಟಾರ್ಮೊಡ್, ಸತ್ತ ದನಿಯಲ್ಲಿ.

"ಅದರ ಬೇಟೆಗೆ ಇದುವರೆಗೂ ಯಾರನ್ನೂ ಕರ್ಕೊಂಡು ಹೋಗಿಲ್ಲ. ಆಗ್ಲಿ, ನೋಡೋಣ."

ಎಲ್ಲರೂ ಆರ್ಚಿಯತ್ತ ತಿರುಗಿದರು. ಅವನು ಪೈಪು ಬಾಯಿಂದ ತೆಗೆದ. "ನನ್ನನ್ಯಾಕೆ ನೋಡ್ತೀರಾ? ನೀವು ಹೇಳಿದ್ದನ್ನ ಒಂದಕ್ಷರ ಬಿಡದೆ ಹೇಳಿದೀನಿ!"

ಬೀಗಿತ್ತಿ ಕೈಗವಸು ಎಳೆದುಕೊಂಡು, "ಸರಿ. ವಿಲ್‌ಫ್ರೆಡ್, ನೀನು ಮುಂದೆ ಬಾ" ಎಂದರು. ಈಫಿ ಬಿಳಿ ನಿಲುವಂಗಿಯಲ್ಲಿ ಕಲ್ಲಿನ ಹಾಗೆ ನಿಂತಳು. "ನಾನು ಬರಲ್ಲ" ಎಂದಳು. ಅಷ್ಟರಲ್ಲಿ ಯಾರೋ, "ಅಯ್ಯೋ, ಕಡಲು!" ಎಂದು ಕೂಗಿದರು.

ಎಲ್ಲರೂ ಮರಳಿನ ಕಡೆ ಓಡಿದರು. ಗಿಲಿಗೆ ಕಾಯುತ್ತಾ ಉಬ್ಬರವನ್ನೇ ಮರೆತಿದ್ದರು. ನೀರು ಆಗಲೇ ಮೊಣಕಾಲಿಗೆ ಬಂದಿತ್ತು. ಅಷ್ಟು ಕಡಿಮೆ ನೀರಿನಲ್ಲಿ ಆರ್ಚಿಯ ದೋಣಿ ತೇಲದು. ಆಚೆ ದಡದಲ್ಲಿ ಪಾದ್ರಿಗಳು ಟೋಪಿ ಬೀಸುತ್ತಿದ್ದರು, ಮದುಮಗ ಎರಡೂ ಕೈ ಬೀಸುತ್ತಿದ್ದ.

"ಏನಾಗಲ್ಲ, ಗಿಲಿ ಇರೋದೇ ನೀರಿಗೆ" ಎಂದು ಡಾಕ್ಟರು ಧೈರ್ಯವಾಗಿ ಇಳಿದರು. ತೂತಿನಿಂದ ನೀರು ಹೊರಗೆ ಹೋಗುತ್ತದೆ ಎನ್ನುವುದು ನಿಜವೇ. ಆದರೆ ಇಡೀ ಕಡಲೇ ಒಳಗೆ ಬರುತ್ತಿದ್ದರೆ ಎಷ್ಟೆಂದು ಹೊರಗೆ ಹೋಗಬೇಕು? ದಾರಗಳು ಬಿಚ್ಚಿಕೊಂಡು ಹಾವುಮೀನಿನ ಹಾಗೆ ತೇಲಿದವು. ನಾಲ್ಕಾರು ಹೆಜ್ಜೆಗೆ ಮರಳು ಬಲಗಾಲಿನ ಗಿಲಿಯನ್ನು ಲೊಚಕ್ಕೆಂದು ನುಂಗಿತು. ಡಾಕ್ಟರು ಒಂಟಿ ಗಿಲಿಯಲ್ಲಿ ಕುಂಟುತ್ತಾ ದಡಕ್ಕೆ ಮರಳಿ, ಒಂದು ಬಂಡೆಯ ಮೇಲೆ ಕೂತುಬಿಟ್ಟರು. ಸಂಜೆಯವರೆಗೂ ಅಲ್ಲೇ ಇದ್ದರು, ಡೊಲೀನಾಳ ನಾಯಿ ಜೊತೆಗಿತ್ತು.

ಕಿಲ್ಟಿನ ಕೆಳಗೆ ರಬ್ಬರ್ ಬೂಟಿನಲ್ಲೇ ಇದ್ದ ಟಾರ್ಮೊಡ್ ಯಾರನ್ನೂ ಕೇಳಲಿಲ್ಲ. ಈಫಿಯ ಮುಂದೆ ಬೆನ್ನು ಬಾಗಿಸಿ ಕೂತ.

"ಹತ್ತು ಮಗಳೇ."

ಅವಳು ನಿಲುವಂಗಿ ಮೇಲೆತ್ತಿ ಹತ್ತಿದಳು. ಹೂವಿನ ಗೊಂಚಲನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಎರಡೂ ಕಿವಿ ಹಿಡಿದಳು.

ಇತ್ತ ಡುಗಾಲ್ಡ್ ತನ್ನ ಬೂಟು ಬಿಚ್ಚಿ, ದಾರ ಗಂಟುಹಾಕಿ ಕೊರಳಿಗೆ ನೇತುಹಾಕಿಕೊಂಡು ಬೀಗಿತ್ತಿಯ ಮುಂದೆ ಕುಕ್ಕರಿಸಿದ. "ಬನ್ನಿ ಅಮ್ಮಾವ್ರೇ. ನಮ್ಮ ಮುತ್ತಾತನ ಕಾಲದಿಂದ ಗಿಲಿ ಕೆಲಸ ಅಂದ್ರೆ ಇದೇ. ದೊಡ್ಡೋರ ಕಾಲು ಒದ್ದೆ ಆಗದ ಹಾಗೆ ದಾಟಿಸೋದು."

ಬೀಗಿತ್ತಿ ಆಚೆ ದಡದ ಮಗನನ್ನು ನೋಡಿದರು, ನೀರು ನೋಡಿದರು, ಕರೀ ತಲೆ ನೋಡಿದರು. ಟೋಪಿ ಸರಿಮಾಡಿಕೊಂಡು ಹತ್ತಿದರು.

ಊರವರೆಲ್ಲಾ ಬೂಟು ಕೈಯಲ್ಲಿ ಹಿಡಿದು, ಕಿಲ್ಟು ಲಂಗ ಎತ್ತಿಕಟ್ಟಿ ಹಿಂದೆ ಇಳಿದರು. ನಡುನೀರಿನಲ್ಲಿ ಕಡಲು ಟಾರ್ಮೊಡ್‌ನ ಬೂಟಿನ ಬಾಯಿ ದಾಟಿ ಒಳಗಿಳಿಯಿತು. ಕಾಲು ಒಂದೊಂದು ಮಣವಾಯಿತು.

"ಎಡಕ್ಕೆ ಮಾವ, ಅಲೆ!" ಎಂದಳು ಈಫಿ, ಹೂವಿನ ಸಂದಿನಿಂದ.

"ನನಗೂ ಕಣ್ಣಿದೆ ಕಣೇ! ಕಿವಿ ಕಿತ್ತು ಕೈಗೆ ಬರುತ್ತೆ, ಮೆಲ್ಲಗೆ!"

"ಮುಂಚೆಗಿಂತ ದೊಡ್ಡದಾಗಿದೆ ಮಾವ, ಹಿಡ್ಕೊಳ್ಳೋಕೆ ಚೆನ್ನಾಗಿದೆ."

ಹಿಂದಿನಿಂದ ಬೀಗಿತ್ತಿಯ ದನಿಯೂ ಕೇಳಿತು. "ಗಿಲಿ, ಸ್ವಲ್ಪ ಬಲಕ್ಕೆ. ಹಾಂ, ಅಲ್ಲಿ ಆಳ ಇದೆ."

ಆಚೆ ದಡ ಹತ್ತಿದಾಗ ಮದುಮಗಳ ನಿಲುವಂಗಿಗೆ ಒಂದು ಹನಿ ತಾಗಿರಲಿಲ್ಲ. ಆದರೆ ಟಾರ್ಮೊಡ್ ಹೆಜ್ಜೆಯಿಟ್ಟರೆ ಪಚಕ್, ಇನ್ನೊಂದಿಟ್ಟರೆ ಪಚಕ್. ಕೀರ್ತನೆ ಬಿಟ್ಟರೆ ಇನ್ನೊಂದು ಸದ್ದು ಕೇಳದ ಚರ್ಚು ನಮ್ಮದು. ಅವನೇ ನಿಂತುಬಿಟ್ಟ. ಬಾಗಿಲವರೆಗೆ ಬಂದಾಗಿದೆ, ಒಳಗೆ ಹೋಗುವುದು ಹೇಗೆ? ಚರ್ಚಿನ ಗೋಡೆಯ ಮೇಲೆ ಕೂತು ಬೂಟು ಕಿತ್ತ. ನೀರು ಸುರಿಯಿತು, ಒಂದು ಪುಟ್ಟ ಏಡಿಯೂ ಬಿತ್ತು. ಅವನ ಬರಿಗಾಲನ್ನು ಊರವರು ಮೊದಲ ಸಲ ನೋಡಿದ್ದು ಆಗಲೇ. ಹಿಟ್ಟಿನಷ್ಟು ಬಿಳುಪು.

ಡುಗಾಲ್ಡ್ ಕೊರಳಿನ ಬೂಟು ತೆಗೆದು ಮುಂದೆ ಹಿಡಿದ. ಕರೀ ಚರ್ಮ. ಕೋಣನ ಮುಖದ ಹಾಗೆ ಅಗಲ. ಅಡಿಯಲ್ಲಿ ಸಾಲಾಗಿ ಮೊಳೆ. ಒಣಗಿದ್ದು.

"ಹಾಕ್ಕೊಂಡು ನೋಡು. ನನಗೆ ಬರಿಗಾಲು ಅಭ್ಯಾಸ."

ಟಾರ್ಮೊಡ್ ಅದನ್ನು ತಿರುಗಿಸಿ ಅಡಿ ನೋಡಿದ. ಮೊಳೆಗಳ ನಡುವೆ ಅಳತೆ ಒತ್ತಿತ್ತು. ಅದನ್ನು ಈಫಿಗೆ ತೋರಿಸಿದ. ಅವಳು ನೋಡಿ, ಬಗ್ಗಿ ಬಗ್ಗಿ ನಗಲು ಶುರುಮಾಡಿದಳು.

"ಹನ್ನೊಂದು!"

ಆರ್ಚಿ ಎದೆಯ ಮೇಲೆ ಗುದ್ದಿಕೊಂಡ. "ನೋಡಿದ್ರಾ? ಕಪ್ಪು, ಅಗಲ, ಹನ್ನೊಂದು! ಬಾಯಿಗೆ ಬಂದ ಹಾಗೆ ಬೈದ್ರಲ್ಲ!"

ಕಾಲು ಒಳಗೆ ಹೋಯಿತು. ಬೆಣ್ಣೆಯಲ್ಲಿ ಚಾಕು ಹೋದ ಹಾಗೆ ಹೋಯಿತು. ಟಾರ್ಮೊಡ್ ಬೀಗಿತ್ತಿಯ ಕಡೆ ನೋಡಿದ. ಎಲ್ಲರೂ ನೋಡಿದರು.

"ಇದು ಗಿಲಿ ಬೂಟಲ್ಲ" ಎಂದರು ಬೀಗಿತ್ತಿ. ಆದರೆ ದನಿಯಲ್ಲಿ ಮೊದಲಿನ ಬಿಗಿ ಇರಲಿಲ್ಲ.

"ಅಮ್ಮಾವ್ರೇ" ಎಂದ ಡುಗಾಲ್ಡ್, "ಗಿಲಿ ನಾನು. ಬೂಟು ನನ್ನದು. ಮತ್ತೆ ಯಾರ ಬೂಟು ಅಂತ ಕರೀಬೇಕು ಇದನ್ನ?"

ಬೀಗಿತ್ತಿ ಬೂಟನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದರು. ಆಮೇಲೆ ಛತ್ರಿಯನ್ನು ಡೊಲೀನಾಳ ಕೈಗೆ ಕೊಟ್ಟು, ಒದ್ದೆ ಹುಲ್ಲಿನ ಮೇಲೆ ಮೊಣಕಾಲೂರಿ ಕೂತರು. "ಕಟ್ಟೋದು ಹಾಗಲ್ಲ ಕಣ್ರೀ, ಮುಂದೆ ಗಂಟು ಬರಬಾರದು. ಕಾಲು ಕೊಡಿ ಇಲ್ಲಿ" ಎಂದು, ಆ ದಪ್ಪ ಬೂಟುದಾರವನ್ನು ಟಾರ್ಮೊಡ್‌ನ ಕಣಕಾಲಿಗೆ ಎರಡು ಸುತ್ತು ಸುತ್ತಿ, ಪಕ್ಕಕ್ಕೆ ಗಂಟು ಹಾಕಿದರು. ಎರಡನೆಯ ಕಾಲಿಗೂ ಹಾಗೆಯೇ ಮಾಡಿದರು. ಎದ್ದು ನಿಂತು, ದೂರದಿಂದ ನೋಡಿ, "ಹಾಂ. ಈಗ ಹೋಗಿ" ಎಂದರು.

ಟಾರ್ಮೊಡ್ ಸೊಸೆಯ ಕೈಯನ್ನು ತೋಳಿನಲ್ಲಿ ಸಿಕ್ಕಿಸಿಕೊಂಡ. ಚರ್ಚಿನ ಕಲ್ಲುಹಾಸಿನ ಮೇಲೆ ಮೊಳೆಬೂಟು ಕುದುರೆಲಾಳದ ಹಾಗೆ ಟಕ್ ಟಕ್ ಎಂದಿತು. ಪಾದ್ರಿಗಳ ಎದುರಿಗೆ ನಿಂತು, ಯಾರು ಈ ಹುಡುಗಿಯನ್ನು ಒಪ್ಪಿಸುತ್ತಾರೆ ಎಂದು ಕೇಳಿದಾಗ, "ನಾನು" ಎಂದ. ಕಾಲು ಎಲ್ಲೂ ನೋಯುತ್ತಿರಲಿಲ್ಲ. ಹಾಗಿದ್ದರೂ ಕಣ್ಣಲ್ಲಿ ನೀರು ಬಂತು. ಮೀನೆಣ್ಣೆಯ ವಾಸನೆ ಇಲ್ಲದ್ದರಿಂದ ಮುಂದಿನ ಬೆಂಚು, ಹಿಂದಿನ ಬೆಂಚು ಎರಡೂ ತುಂಬಿದ್ದವು.

ಕಡಲು ಇಳಿಯುವವರೆಗೆ ಯಾರೂ ಮರಳುವ ಹಾಗಿರಲಿಲ್ಲ. ಚರ್ಚಿನ ಹಿಂದಿನ ಹುಲ್ಲಿನಲ್ಲಿ ಕೂತು ಓಟ್ ರೊಟ್ಟಿ ಮುರಿದರು, ಯಾರ ಯಾರದೋ ಜೇಬಿನಿಂದ ವಿಸ್ಕಿ ಬಂತು, ಪಿಟೀಲು ಬಂತು. ಡುಗಾಲ್ಡ್ ಇಸೊಬೆಲ್ ಟೀಚರ ಕೈಹಿಡಿದು ಬರಿಗಾಲಲ್ಲೇ ಕುಣಿದ. ಕುಣಿದು ಕುಣಿದು ಕೊನೆಗೆ ಗೋಡೆಯ ನೆರಳಲ್ಲಿ ಬಿದ್ದು ಗೊರಕೆ ಹೊಡೆದ. ಟಾರ್ಮೊಡ್ ಅವನ ಬೂಟು ಬಿಚ್ಚಿ ತಲೆಯ ಪಕ್ಕ ಇಟ್ಟು, ಒಂದು ಸಲ ಸವರಿ, ತನ್ನ ರಬ್ಬರಿನೊಳಗೆ ಕಾಲಿಟ್ಟ. ಕಾಲಿಗೆ ಮನೆಗೆ ಬಂದ ಹಾಗಾಯಿತು.

ಬೆಳಕಿರುವಾಗಲೇ ಮರಳಿನ ಕಡೆ ನಡೆದರು. 'ಪೂರ್ತಿ ಇಳಿಯಲಿ' ಎಂದು ಕಾಯುವ ತಾಳ್ಮೆ ಯಾರಿಗೂ ಇರಲಿಲ್ಲ, ಊರಿನಲ್ಲಿ ಊಟ ಕಾಯುತ್ತಿತ್ತು. ಬೀಗಿತ್ತಿ ನೀರಿನ ಅಂಚಿನಲ್ಲಿ ನಿಂತು, ಛತ್ರಿ ನೆಲಕ್ಕೆ ಕುಟ್ಟಿ ಕೂಗಿದರು.

"ಗಿಲಿ! ಎಲ್ಲಿ? ನನಗೆ ಗಿಲಿ ಬೇಕು!"

ಇಸೊಬೆಲ್ ಟೀಚರು ಅದನ್ನು ಕೇಳಿ ಚೀಲದಲ್ಲಿ ಕೈಹಾಕಿಕೊಂಡೇ ಓಡಿಬಂದಳು. "ತಂದೆ ಅಮ್ಮಾವ್ರೇ! ಅಳತೆ ಎಷ್ಟು?"

ಅಷ್ಟರಲ್ಲಿ ಟಾರ್ಮೊಡ್ ಬೀಗಿತ್ತಿಯ ಮುಂದೆ ಬಂದು, ಕಿಲ್ಟು ಮಡಿಚಿಕೊಂಡು ಬೆನ್ನು ಬಾಗಿಸಿ ಕೂತಿದ್ದ.

"ಹತ್ತಿ ಬೀಗಿತ್ತಿ. ಹನ್ನೊಂದಿದೆ, ಅಗಲಾನೂ ಇದೆ. ಕಪ್ಪು ಮಾತ್ರ ಕೇಳಬೇಡಿ, ತಲೆ ನರೆತುಹೋಗಿದೆ."